ಟೀವಿ ಪಕ್ಕದ ಪುಟ್ಟ ಪೆಟ್ಟಿಗೆ

ಜೂನ್ ತಿಂಗಳ ಮಳೆ ಹಿಡಿದುಕೊಂಡಿತೆಂದರೆ ನಮ್ಮ ಮಡಿಕೇರಿ ಕಡೆಯ ಮನೆಗಳಲ್ಲಿ ಟೀವಿಗೆ ಅರ್ಧ ರಜೆ. ಪರದೆಯ ಮೇಲೆ ಮೊದಲು ಚೌಕ ಚೌಕ, ಆಮೇಲೆ ಸಿಗ್ನಲ್ ಇಲ್ಲವೆಂಬ ಬರಹ. ಡಿಶ್ಶಿಗೆ ಬರುವ ಅಲೆಗಳು ಎರಡೂವರೆ ಸೆಂಟಿಮೀಟರಿನಷ್ಟು ಮಾತ್ರ ಉದ್ದವಿರುತ್ತವೆ. ಜಡಿಮಳೆಯ ದಪ್ಪ ಹನಿಗಳು ಅವನ್ನು ಹೀರಿ ಚದುರಿಸಿಬಿಡುತ್ತವೆ. ಮಾಡಿನ ಮೇಲೆ ಹತ್ತಿ ಡಿಶ್ಶನ್ನು ಒರೆಸಿ, ತಿರುಗಿಸಿ ಏನೂ ಪ್ರಯೋಜನವಿಲ್ಲ. ಮಳೆ ನಿಲ್ಲಬೇಕು. ಕಕ್ಕಡ ತಿಂಗಳಲ್ಲಿ ಮಳೆ ನಿಲ್ಲುವುದುಂಟೇ!

ನನಗಾದರೆ ಅಡುಗೆ, ಕೋಳಿ, ಹಿತ್ತಲು ಎಂದು ದಿನ ಹೋಗುತ್ತದೆ. ನಮ್ಮ ಅತ್ತೆಯವರ ಪಾಡು ಹಾಗಲ್ಲ. ಅವರಿಗೆ ಎಂಬತ್ತೊಂದು ವರ್ಷ. ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಮಂಚ, ಕುರ್ಚಿ, ಕಿಟಕಿ, ಇಷ್ಟೇ ಅವರ ಲೋಕ. ಹೋದ ಮಳೆಗಾಲದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ, "ನಿಮ್ಮ ಮದುವೆಯ ಕ್ಯಾಸೆಟ್ ಎಲ್ಲಿ ಉಂಟು ಮಗಾ? ಅವರ ಸ್ವರ ನನಗೆ ಮರೆತುಹೋಗ್ತಾ ಉಂಟು" ಅಂದರು. ಮಾವನವರು ತೀರಿಕೊಂಡದ್ದು 2007ರಲ್ಲಿ. ನಮ್ಮ ಮದುವೆ 2001ರಲ್ಲಿ. ಮಾವ ಮಾತನಾಡುವುದು ದಾಖಲಾಗಿರುವುದು ಆ ಎರಡು ವಿಡಿಯೋ ಕ್ಯಾಸೆಟ್ಟುಗಳಲ್ಲಿ ಮಾತ್ರ.

ಬೀರುವಿನಿಂದ ತೆಗೆದು ನೋಡುತ್ತೇನೆ, ಟೇಪಿನ ಅಂಚಿಗೆಲ್ಲ ಬಿಳಿ ಬೂಸಲು! ಕೊಡಗಿನ ತೇವ ಚಪ್ಪಲಿ, ರೇಷ್ಮೆ ಸೀರೆ ಯಾವುದನ್ನೂ ಬಿಡುವುದಿಲ್ಲ, ಕ್ಯಾಸೆಟ್ಟನ್ನು ಬಿಟ್ಟೀತೇ? ನಾನೋ ಅವಸರದವಳು. ಪಕ್ಕದ ಮನೆಯವರ ಹಳೇ ವಿಸಿಆರ್ ತಂದು ಹಾಗೆಯೇ ತುರುಕಿದೆ. ಅಂಟಿಕೊಂಡಿದ್ದ ಟೇಪು ಒಳಗೆ ಸುತ್ತಿಕೊಂಡು ಕಿತ್ತೇ ಬಂತು. ತಪ್ಪು ನನ್ನದೇ. ನೀವಂತೂ ಬೂಸಲು ಹಿಡಿದ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಬೇಡಿ. ಟೇಪೂ ಹಾಳು, ಅದರ ಧೂಳಿನಿಂದ ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟೂ ಹಾಳು. ಮೈಸೂರಿನ ಒಂದು ಸ್ಟುಡಿಯೋದಲ್ಲಿ ಟೇಪು ಒರೆಸಿ, ಕತ್ತರಿಸಿ, ಅಂಟಿಸಿ ಎರಡನ್ನೂ ಪೆನ್‌ಡ್ರೈವಿಗೆ ಇಳಿಸಿಕೊಟ್ಟರು. ಎರಡು ಗೇಣು ಟೇಪು ಎಸೆಯಬೇಕಾಯಿತು. ಎರಡು ಗೇಣೆಂದರೆ ಇಪ್ಪತ್ತು ಸೆಕೆಂಡು. ಹೋದದ್ದು ಧಾರೆಯ ಹೊತ್ತಿನದು. ಇಂಥದಕ್ಕೆ ಬಹಳ ದಿನ ಕಾಯುವಂತೆಯೂ ಇಲ್ಲ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿ 2016ರಲ್ಲೇ ಅದನ್ನು ನಿಲ್ಲಿಸಿತು. ಇರುವ ಯಂತ್ರಗಳು ಕೆಟ್ಟರೆ ಮುಗಿಯಿತು.

ಸರಿ, ಪೆನ್‌ಡ್ರೈವ್ ಬಂತು. ಆದರೆ ನಮ್ಮ ಟೀವಿ ಹಳೆಯದು, ಅದರಲ್ಲಿ ಚಿತ್ರ ಮೂಡಲೇ ಇಲ್ಲ. ಮಗಳು ಮೈಸೂರಿನಲ್ಲಿ ಓದುತ್ತಾಳೆ. "ಅಮ್ಮಾ, ಟೀವಿಗೇ ಒಂದು ಪುಟ್ಟ ಕಂಪ್ಯೂಟರ್ ಜೋಡಿಸಿಬಿಡೋಣ. ಡಿಶ್ ಬೇಡ, ಇಂಟರ್‌ನೆಟ್ಟೂ ಬೇಡ" ಅಂದಳು. ನಮ್ಮವರು ನಕ್ಕರು. "ಹತ್ತು ಸಾವಿರಕ್ಕೆ ಕೋಳಿಗೂಡೂ ಬರುವುದಿಲ್ಲ, ಕಂಪ್ಯೂಟರ್ ಬರುತ್ತದಾ?" ಹಿತ್ತಲಿನ ಬೆಣ್ಣೆಹಣ್ಣು ಮಾರಿದ ಹತ್ತು ಸಾವಿರ ನನ್ನ ಡಬ್ಬಿಯಲ್ಲಿತ್ತು. ಅದರೊಳಗೇ ಮುಗಿಸಬೇಕೆಂಬ ಹಠ ನನಗೆ ಬಂದದ್ದು ಆಗಲೇ.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್.ಪಿ. ರೋಡು, ಗೊತ್ತಲ್ಲ? ಅಲ್ಲಿ ಆಫೀಸುಗಳಿಂದ ಹೊರಬಿದ್ದ ಪುಟ್ಟ ಕಂಪ್ಯೂಟರುಗಳು ಸಿಗುತ್ತವೆ. ಅಂಗೈ ಅಗಲಿಸಿ ಹಿಡಿದಷ್ಟು ಅಗಲ, ದಪ್ಪ ಪುಸ್ತಕದಷ್ಟು ಎತ್ತರ. ಲೆನೊವೊ, ಡೆಲ್, ಎಚ್‌ಪಿ ಮೂವರೂ ಇಂಥವನ್ನು ಮಾಡುತ್ತಾರೆ. ಇವು ಅಗ್ಗವಾಗಲು ಒಂದು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ಅದರ ನಂತರದ ವಿಂಡೋಸ್ 11, ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಬಹುತೇಕ ಯಂತ್ರಗಳನ್ನು ಒಪ್ಪುವುದಿಲ್ಲ. ಆಫೀಸಿಗೆ ಬೇಡವಾದದ್ದು ಸಿನಿಮಾ ತೋರಿಸಲಿಕ್ಕೆ ಏನೂ ಕಡಿಮೆಯಲ್ಲ. ನಮಗೆ ವಿಂಡೋಸೇ ಬೇಕಿಲ್ಲವಲ್ಲ!

ಆದರೆ ತೀರಾ ಹಳೆಯದನ್ನು ಕೊಳ್ಳಬೇಡಿ. ಹೊಸ ಮೊಬೈಲುಗಳು ವಿಡಿಯೋವನ್ನು ಎಚ್‌ಇವಿಸಿ ಎಂಬ ರೀತಿಯಲ್ಲಿ ಬಿಗಿದು ಮಡಚಿಡುತ್ತವೆ. ಅದನ್ನು ಬಿಡಿಸಿ ತೋರಿಸುವ ಏರ್ಪಾಡು ಏಳನೆಯ ತಲೆಮಾರಿನ ಚಿಪ್ಪಿನಲ್ಲೇ ಪೂರ್ತಿ ಇದೆ. ಅದಕ್ಕಿಂತ ಹಳೆಯದರಲ್ಲಿ ಕೆಲವು ವಿಡಿಯೋಗಳು ತಡವರಿಸುತ್ತವೆ, ಫ್ಯಾನು ಬುಸುಗುಟ್ಟುತ್ತದೆ. ಏಳನೆಯ ತಲೆಮಾರಿನ ಐ3, 4 ಜಿಬಿ ಮೆಮೊರಿ, 128 ಜಿಬಿ ಎಸ್‌ಎಸ್‌ಡಿ, ಇವಿಷ್ಟಕ್ಕೆ ನಾನು ಕೊಟ್ಟದ್ದು 6,500 ರೂಪಾಯಿ. ಕರೆಂಟಿನ ಅಡಾಪ್ಟರ್ ಜೊತೆಗಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ನನಗೆ ಕೊಡದೆ ಕಳಿಸಿದ್ದರು. ಮಗಳ ಗೆಳತಿಯೊಬ್ಬಳು ಮತ್ತೆ ಹೋಗಿ ಜಗಳವಾಡಿ ತಂದಳು.

ಇಂಥ ಅನೇಕ ಪೆಟ್ಟಿಗೆಗಳ ಹಿಂದೆ ಟೀವಿಯ ಎಚ್‌ಡಿಎಂಐ ಕಿಂಡಿ ಇರುವುದಿಲ್ಲ, ಡಿಸ್‌ಪ್ಲೇಪೋರ್ಟ್ ಎಂಬ ಬೇರೆಯದೇ ಇರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಕೇಬಲ್ಲಿಗೆ 450. ಬೆರಳು ಸವರುವ ಜಾಗವಿರುವ, ತಂತಿಯಿಲ್ಲದ ಪುಟ್ಟ ಕೀಬೋರ್ಡಿಗೆ 700. ಮಗಳ ಸತ್ತ ಲ್ಯಾಪ್‌ಟಾಪಿನೊಳಗೆ ಒಂದು ಟೆರಾಬೈಟಿನ ಹಾರ್ಡ್‌ಡಿಸ್ಕ್ ಬದುಕಿತ್ತು. ಅದಕ್ಕೊಂದು ಡಬ್ಬಿ 350. ಮೈಸೂರಿನ ಸ್ಟುಡಿಯೋಗೆ ಕ್ಯಾಸೆಟ್ಟಿಗೆ 500ರಂತೆ ಸಾವಿರ. ಒಟ್ಟು ಒಂಬತ್ತು ಸಾವಿರ. ಉಳಿದ ಸಾವಿರವನ್ನು ನಮ್ಮವರ ಕಣ್ಣೆದುರೇ ಡಬ್ಬಿಗೆ ಹಾಕಿದೆ.

ಒಳಗೆ ಹಾಕಿದ್ದು ಲಿಬ್ರೆಎಲೆಕ್. ಅದರೊಳಗೆ ಕೋಡಿ ಎಂಬ ಸಿನಿಮಾ ತೋರಿಸುವ ವ್ಯವಸ್ಥೆ ಇದೆ (ನಮ್ಮ ಕೆರೆಕೋಡಿ ಅಲ್ಲ!). ಎರಡೂ ಪುಕ್ಕಟೆ, ಕದ್ದದ್ದೂ ಅಲ್ಲ. ಮಗಳು ಅದನ್ನು ಒಂದು ಪೆನ್‌ಡ್ರೈವಿಗೆ ಬರೆದುಕೊಟ್ಟಳು. ಪೆಟ್ಟಿಗೆಗೆ ಚುಚ್ಚಿ, ಅವಳು ಫೋನಿನಲ್ಲಿ ಹೇಳಿದ ಹಾಗೆ ಗುಂಡಿ ಒತ್ತುತ್ತಾ ಹೋದವಳು ನಾನು, ಹತ್ತನೇ ಕ್ಲಾಸಿನವಳು. ಕಾಫಿ ಸೋಸುವಷ್ಟರಲ್ಲಿ ಮುಗಿದಿತ್ತು. ಈ ಕೆಲಸದಲ್ಲಿ ಎಸ್‌ಎಸ್‌ಡಿಯಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಚಂದಾ ಕಟ್ಟಿ ನೋಡುವ ಆಪ್‌ಗಳಿಗೆ ಈ ಪೆಟ್ಟಿಗೆ ಅನುಕೂಲವಲ್ಲ. ನಿಮಗೆ ಅವೇ ಮುಖ್ಯವಾದರೆ ಟೀವಿಗೆ ಚುಚ್ಚುವ ಸಣ್ಣ ಕಡ್ಡಿ ಸಾಕು, ಇನ್ನೂ ಅಗ್ಗ. ನಮ್ಮಂತೆ ಮನೆಯದೇ ಫೋಟೋ, ವಿಡಿಯೋ, ಕೊಂಡು ಇಟ್ಟ ಡಿಸ್ಕುಗಳಿದ್ದವರಿಗೆ ಇದು. 'ಮುತ್ತಿನ ಹಾರ'ದ ವಿಸಿಡಿ ನಮ್ಮಲ್ಲಿತ್ತು. ಕೊಡಗಿನ ಸೈನಿಕನ ಕಥೆ, 1990ರದ್ದು. ಅತ್ತೆಗೆ ಅದೆಂದರೆ ಪ್ರಾಣ. ಬೂಸಲು ಪೂರ್ತಿ ತಿನ್ನುವ ಮೊದಲು ಅದನ್ನೂ ಇಳಿಸಿಕೊಂಡೆವು.

ಪೆಟ್ಟಿಗೆ ಕೊಳ್ಳುವುದಕ್ಕಿಂತ ಅದನ್ನು ನಮ್ಮ ಊರಿನಲ್ಲಿ ಉಳಿಸಿಕೊಳ್ಳುವುದೇ ಹೆಚ್ಚಿನ ಕೆಲಸ. ಶೋಕೇಸಿನೊಳಗೆ ಬಾಗಿಲು ಮುಚ್ಚಿ ಇಡಬೇಡಿ, ಗಾಳಿ ಆಡಬೇಕು. ಮಳೆಗಾಲದಲ್ಲಿ ದಿನಕ್ಕೆ ಒಂದೆರಡು ಗಂಟೆಯಾದರೂ ಓಡಿಸಿ; ತನ್ನ ಬಿಸಿಗೆ ತಾನೇ ಒಣಗಿಕೊಳ್ಳುತ್ತದೆ. ಹಾರ್ಡ್‌ಡಿಸ್ಕನ್ನು ಬಳಸದಾಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುತ್ತೇನೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ. ಹರಳನ್ನು ಹಳೇ ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆ ಬಾಣಲೆ ಅಡುಗೆಗೆ ಬೇಡ, ಆ ಹರಳು ಮಕ್ಕಳ ಕೈಗೂ ಸಿಗಬಾರದು. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಕರೆಂಟಿನ ಪ್ಲಗ್ಗು ಮಾತ್ರ ಕಿತ್ತರೆ ಸಾಲದು, ಟೀವಿಗೆ ಬರುವ ಡಿಶ್ಶಿನ ತಂತಿಯನ್ನೂ ಬಿಚ್ಚಿ. ಸಿಡಿಲು ಆ ದಾರಿಯಿಂದಲೂ ಬರುತ್ತದೆ. ಹಾಂ, ಮದುವೆಯ ವಿಡಿಯೋದ ಇನ್ನೊಂದು ಪ್ರತಿ ಮಗಳ ಹತ್ತಿರ ಮೈಸೂರಿನಲ್ಲಿದೆ. ಒಂದೇ ಪ್ರತಿಯನ್ನು ನಂಬಿ ಕೂರುವ ಧೈರ್ಯ ನನಗೆ ಉಳಿದಿಲ್ಲ.

ಮೊದಲ ಸಂಜೆ ಹೊರಗೆ ಧೋ ಎಂದು ಮಳೆ, ಕರೆಂಟೂ ಇಲ್ಲ. ಪೆಟ್ಟಿಗೆ ತಿನ್ನುವುದು ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟೇ ಆದ್ದರಿಂದ ಟೀವಿಯ ಜೊತೆಗೆ ಇನ್ವರ್ಟರಿನಲ್ಲೇ ಓಡಿತು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹಾಕಿದೆ. ಚಪ್ಪರದ ಬಾಗಿಲಲ್ಲಿ ಮಾವ, ಯಾರನ್ನೋ ಕೈಹಿಡಿದು, "ಬನ್ನಿ ಬನ್ನಿ, ಮೊದಲು ಊಟ ಮಾಡಿ" ಎನ್ನುತ್ತಿದ್ದಾರೆ. ಅತ್ತೆ ಅಳುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಮುಂದೆ ಬಾಗಿ ನೋಡಿ, "ಆ ಕೋಟು ಬೇಡ ಅಂತ ಬಡಕೊಂಡೆ, ಕೇಳಿದರಾ?" ಅಂದರು. ಆಮೇಲೆ, "ಇನ್ನೊಮ್ಮೆ ಹಾಕು ಮಗಾ. ಊಟ ಮಾಡಿ ಅಂತಾರಲ್ಲ, ಅಲ್ಲಿಂದ."

ಈಗ ಕೀಬೋರ್ಡಿನ ನಾಲ್ಕು ಗುಂಡಿಗಳಿಗೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಿದ್ದೇನೆ. ಅತ್ತೆ ತಾವೇ ಒತ್ತಿಕೊಳ್ಳುತ್ತಾರೆ, ನನ್ನನ್ನು ಅಡುಗೆಮನೆಯಿಂದ ಕರೆಯುವುದು ನಿಂತಿದೆ. ಪಕ್ಕದ ಮನೆಯವರು ಮೊನ್ನೆ ತಮ್ಮ ಮೂರು ಕ್ಯಾಸೆಟ್ಟು ತಂದು ಕೊಟ್ಟುಹೋದರು. ಒಂದಕ್ಕೆ ಬೂಸಲು ಹಿಡಿದಿದೆ. ಬರುವ ವಾರ ಮೈಸೂರಿಗೆ ಹೋಗಬೇಕು.