ನೆರೆ ಇಳಿದ ಮೇಲೆ ಹುಚ್ಚೆದ್ದು ಓಡಿದ ಇಂಜಿನ್

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರ್. ಊರು ರಾಯಬಾಗ ತಾಲೂಕಿನಲ್ಲಿ, ಕುಡಚಿ ಹತ್ತಿರ, ಕೃಷ್ಣಾ ಹೊಳೆಯ ದಂಡೆಗೆ. 2019ರ ಆಗಸ್ಟ್ ನೆರೆ ಹೇಗಿತ್ತು ಅಂತ ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಕಾಕಾನ ಐದು ಎಚ್‌ಪಿ ಡೀಸೆಲ್ ಇಂಜಿನ್ ದಂಡೆಯ ಶೆಡ್ಡಿನಲ್ಲೇ ಉಳಿದುಬಿಟ್ಟಿತ್ತು. ಎಂಟು ದಿನ ನೀರೊಳಗೆ ಕೂತಿತು.

ದಸರಾ ರಜೆಗೆ ನಾನು ಊರಿಗೆ ಹೋದಾಗ ಅದನ್ನು ಚಾಲೂ ಮಾಡುವ ಕೆಲಸ ನಡೆದಿತ್ತು. ಆಯಿಲ್ ಬದಲಿಸಿದ್ದರು, ಟಾಕಿ, ಫಿಲ್ಟರ್, ನಾಜಲ್ ಎಲ್ಲಾ ತೊಳೆದಿದ್ದರು. ಬೆಲ್ಟ್ ಹಾಕದೆ, ಸುಮ್ಮನೆ ನೋಡೋಣ ಅಂತ ಕಾಕಾ ಹ್ಯಾಂಡಲ್ ತಿರುಗಿಸಿದ. ಹತ್ತಿತು. ನಾವು ಖುಷಿಪಡುವಷ್ಟರಲ್ಲಿ ಡುಗ್ ಡುಗ್ ಅನ್ನುವ ಸದ್ದು ಒಂದೇ ಸಮನೆ ಚೀರಾಟವಾಯಿತು. ಬುನಾದಿಯ ಬೋಲ್ಟುಗಳೇ ನಡುಗಿದವು. ಕಾಕಾ ಸ್ಟಾಪ್ ಲಿವರ್ ಎಳೆದ, ಬರಲಿಲ್ಲ. ಟಾಕಿಯ ಕೊಕ್ಕು ಮುಚ್ಚಿದರೂ ಪೈಪು, ಫಿಲ್ಟರಿನಲ್ಲಿದ್ದ ಡೀಸೆಲ್ ಮೇಲೇ ಅದು ಓಡಿತು. "ಗಾಲಿ ಎದುರು ನಿಂದರಬ್ಯಾಡ್ರಿ!" ಅಂತ ಒದರಿದ ಮಿಸ್ತ್ರಿ, ಹಸಿ ಗೋಣಿಚೀಲ ತಂದು ಏರ್ ಕ್ಲೀನರಿಗೆ ಬಿಗಿಯಾಗಿ ಸುತ್ತಿದ. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು.

"ಏನಲೇ ತಮ್ಮಾ, ಇಂಜಿನಿಯರ್ ಆಗೀದಿ, ಯಾಕ ಹಿಂಗಾತು ಹೇಳ್ ನೋಡೂಣು" ಅಂದ ಕಾಕಾ. ನನಗೆ ಆಗ ಹೇಳಲಾಗಲಿಲ್ಲ. ರಾತ್ರಿ ಮಲಗಿದ ಮೇಲೆ ಹೊಳೆಯಿತು.

ಡೀಸೆಲ್ ಇಂಜಿನ್ನಿಗೆ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು-ಹದಿನೇಳು ಪಟ್ಟು ಒತ್ತಿದಾಗ ಅದು 500 ಡಿಗ್ರಿಗಿಂತ ಹೆಚ್ಚು ಕಾಯುತ್ತದೆ, ಅದರೊಳಗೆ ಡೀಸೆಲ್ ಸಿಡಿಸಿದರೆ ತಾನೇ ಹತ್ತುತ್ತದೆ. ಗಾಳಿಗೆ ತಡೆ ಇರುವುದಿಲ್ಲ, ಸಿಕ್ಕಷ್ಟು ಎಳೆದುಕೊಳ್ಳುತ್ತದೆ. ಹಾಗಾಗಿ ಓಟವನ್ನು ಹಿಡಿಯುವುದು ಡೀಸೆಲ್ ಎಷ್ಟು ಅನ್ನುವುದೊಂದೇ. ನಮ್ಮ ಇಂಜಿನ್ ನಿಮಿಷಕ್ಕೆ 1500 ಸುತ್ತಿನದು. ಎರಡು ಸುತ್ತಿಗೊಮ್ಮೆ ಡೀಸೆಲ್, ಅಂದರೆ ನಿಮಿಷಕ್ಕೆ 750 ಸಲ. ಪೂರ್ತಿ ಲೋಡಿನಲ್ಲಿ ತಾಸಿಗೆ ಸುಮಾರು ಒಂದು ಲೀಟರ್ ಅಂತ ಹಿಡಿದು ಭಾಗಿಸಿ ನೋಡಿ, ಒಂದು ಸಲಕ್ಕೆ ಬರುವುದು ಅರ್ಧ ಹನಿ! ಆ ಅರ್ಧ ಹನಿಯನ್ನೂ ಹೆಚ್ಚು-ಕಡಿಮೆ ಮಾಡಬೇಕು, ಅದೂ ಸೆಕೆಂಡಿಗೆ ಹನ್ನೆರಡು ಸಲ.

ಅಳೆಯುವುದು ಪಂಪಿನೊಳಗಿನ ಪ್ಲಂಜರ್. ಬೆರಳಿಗಿಂತ ಸಣ್ಣ ಉಕ್ಕಿನ ಕಡ್ಡಿ. ಅದು ಮೇಲೆ-ಕೆಳಗೆ ಓಡುವ ದೂರ ಯಾವಾಗಲೂ ಅಷ್ಟೇ. ಆದರೆ ಅದರ ಮೈಮೇಲೆ ಓರೆಯಾಗಿ ಕೊರೆದ ಒಂದು ಗಾಡಿ ಇದೆ, ಬಾವಿಯ ಇಳಿಜಾರು ಮೆಟ್ಟಿಲಿನಂತೆ. ಪ್ಲಂಜರ್ ಏರುವಾಗ ಆ ಓರೆಯ ಅಂಚು ಪಕ್ಕದ ತೂತಿಗೆ ಬಂದ ಕೂಡಲೇ ಒತ್ತಡ ಹೋಗಿಬಿಡುತ್ತದೆ, ಡೀಸೆಲ್ ನಿಲ್ಲುತ್ತದೆ. ಪ್ಲಂಜರನ್ನು ಸ್ವಲ್ಪ ತಿರುಗಿಸಿದರೆ ಅಂಚು ಬೇಗ ಬರುತ್ತದೆ ಇಲ್ಲವೇ ತಡವಾಗಿ ಬರುತ್ತದೆ. ತಿರುಗಿಸುವುದು ರ್‍ಯಾಕ್ ಅನ್ನುವ ಹಲ್ಲಿನ ಕಡ್ಡಿ. ಬಾಷ್ ಕಂಪನಿ ಇಂಥ ಪಂಪನ್ನು ಹೆಚ್ಚಿನ ಪ್ರಮಾಣದಲ್ಲಿ ಮಾಡತೊಡಗಿದ್ದು 1927ರಲ್ಲಿ. ನಮ್ಮಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೊ ಇವನ್ನು ಮಾಡಿತು. ನಾನು ದಿನಾ ಆಫೀಸಿಗೆ ಹೋಗುವ ಆಡುಗೋಡಿ ದಾರಿಯಲ್ಲೇ ಆ ಕಾರ್ಖಾನೆ ಇತ್ತು ಅಂತ ತಿಳಿದದ್ದು ಇದೆಲ್ಲಾ ಆದ ಮೇಲೆ.

ರ್‍ಯಾಕನ್ನು ದೂಡುವವನು ಗವರ್ನರ್. (ಸಣ್ಣವನಿದ್ದಾಗ ಇಂಜಿನ್ನಿಗೂ ರಾಜ್ಯಪಾಲರಿಗೂ ಏನು ಸಂಬಂಧ ಅಂತ ಅಜ್ಜನನ್ನು ಕೇಳಿ ಬೈಸಿಕೊಂಡಿದ್ದೆ.) ಇಂಜಿನ್ನಿನ ಜೊತೆ ತಿರುಗುವ ಎರಡು ಗುಂಡುಗಳು, ಅವಕ್ಕೆ ಎದುರಾಗಿ ಒಂದು ಸ್ಪ್ರಿಂಗ್. ಓಟ ಹೆಚ್ಚಾದರೆ ಗುಂಡುಗಳು ಹೊರಗೆ ಚಾಚಿ ರ್‍ಯಾಕನ್ನು ಕಡಿಮೆ ಡೀಸೆಲ್ ಕಡೆ ಎಳೆಯುತ್ತವೆ. ಪಂಪಿಗೆ ನೀರಿನ ಭಾರ ಬಿದ್ದು ಓಟ ಇಳಿದರೆ ಗುಂಡುಗಳು ಒಳಗೆ ಸರಿಯುತ್ತವೆ, ಸ್ಪ್ರಿಂಗ್ ಗೆದ್ದು ಹೆಚ್ಚು ಡೀಸೆಲ್ ಕೊಡಿಸುತ್ತದೆ. ಜೇಮ್ಸ್ ವಾಟ್ 1788ರಲ್ಲಿ ಉಗಿ ಯಂತ್ರಕ್ಕೆ ಕೂಡಿಸಿದ್ದೂ ಇದೇ ಯುಕ್ತಿ. ಸರ್ವರಿಗೆ ಲೋಡ್ ಬಂದಾಗ ನಾವು ಸಾವಿರ ಸಾಲು ಕೋಡ್ ಬರೆದು ಮಾಡಿಸುವುದೂ ಇದನ್ನೇ.

ಈಗ ನಿಂತಿರುವ ಇಂಜಿನ್ ನೆನಪಿಸಿಕೊಳ್ಳಿ. ಓಟ ಸೊನ್ನೆ. ಗುಂಡುಗಳು ಒಳಗೇ ಮಲಗಿವೆ, ಸ್ಪ್ರಿಂಗ್ ರ್‍ಯಾಕನ್ನು ಪೂರ್ತಿ ಡೀಸೆಲ್ ಕಡೆಗೆ ದೂಡಿ ಕೂತಿದೆ. ಚಾಲೂ ಆದ ಕೂಡಲೇ ಗುಂಡುಗಳು ಅದನ್ನು ವಾಪಸ್ ತರಬೇಕು. ನಮ್ಮ ಇಂಜಿನ್ ನೀರಿನಲ್ಲಿ ಎಂಟು ದಿನ ಮುಳುಗಿದ್ದು ಇದೇ ಸ್ಥಿತಿಯಲ್ಲಿ. ರಾಡಿ ಸೇರಿತು, ಜಂಗು ಹಿಡಿಯಿತು, ರ್‍ಯಾಕ್ ಪೂರ್ತಿ ಡೀಸೆಲ್‌ನಲ್ಲೇ ಅಂಟಿತು. ಮೇಲೆ ಬೆಲ್ಟೂ ಇಲ್ಲ, ಭಾರವೂ ಇಲ್ಲ.

ಮರುದಿನ ಮಿಸ್ತ್ರಿ ಬಿಚ್ಚಿ ತೋರಿಸಿದ. "ನೋಡ್ರಿ ಗೌಡ್ರ, ಹ್ಯಾಂಗ ಹಿಡಕೊಂಡ ಕುಂತೈತಿ." ಸೀಮೆಎಣ್ಣೆಯಲ್ಲಿ ನೆನೆಸಿದರೂ ಸಡಿಲಾಗಲಿಲ್ಲ, ಹೊಸ ಪಂಪೇ ಹಾಕಬೇಕಾಯಿತು. ಪ್ಲಂಜರ್ ಮತ್ತು ಅದರ ಬ್ಯಾರೆಲ್ ನಡುವಿನ ಸಂದು ನಮ್ಮ ಕೂದಲಿನ ದಪ್ಪದ ಎಷ್ಟೋ ಪಾಲು ಕಡಿಮೆ. ಜೋಡಿಯಾಗಿಯೇ ತಿಕ್ಕಿ ಕೂಡಿಸಿದವು, ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ನಾಜಲ್ ಪರೀಕ್ಷೆ ಮಾಡುವಾಗ ನಾನು ಬೆರಳು ಒಡ್ಡಲು ಹೋದೆ, ಮಿಸ್ತ್ರಿ ಕೈಗೆ ಬಡಿದ. ಅಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೊ, ಕಾರಿನ ಟಯರಿನ ನೂರು ಪಟ್ಟು. ಆ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಬೆರಳು ಕೊಳೆಯಬಹುದು. ಹಾಗಾದರೆ ನೋವಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

2021ರ ಜುಲೈನಲ್ಲಿ ಮತ್ತೆ ನೀರು ಏರಿದಾಗ ಇಂಜಿನ್ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಎತ್ತರದ ಹೊಲಕ್ಕೆ ಹೋಯಿತು. ತಂದು ಕೂಡಿಸಿದ ದಿನ ಕಾಕಾ ವಿಡಿಯೋ ಕಾಲ್ ಮಾಡಿದ. ಹ್ಯಾಂಡಲ್ ಮುಟ್ಟುವ ಮೊದಲು ಫೋನನ್ನು ಪಂಪಿನ ಹತ್ತಿರ ಹಿಡಿದು, "ನೋಡಲೇ, ಬೆರಳಿಂದ ದೂಕಿದ್ರ ಹೋಗತೈತಿ, ಬಿಟ್ರ ವಾಪಸ್ ಬರತೈತಿ. ಈಗ ಹಚ್ಚಲೇನು?" ಅಂದ.