ಗೋಳಿಬಜೆಯೂ ಕಾದ ಎಣ್ಣೆಯೂ

ಪುತ್ತೂರು, ಸುಳ್ಯ, ಕಡಬ—ಯಾವ ಪೇಟೆಯಲ್ಲಿ ಹೊಸ ಹೋಟೆಲನ್ನು ಹೊಕ್ಕರೂ ಸಂಜೆಯ ಚಹದೊಡನೆ ನಾವು ಬಯಸುವುದು ಬಿಸಿ ಗೋಳಿಬಜೆಯನ್ನು. ಅದು ಉಬ್ಬುವುದು ಹೇಗೆ? ಮೈದಾಹಿಟ್ಟಿಗೆ ಬೆರೆಸಿದ ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲವಿದೆ. ಅದು ಅಡುಗೆಸೋಡದೊಡನೆ ವರ್ತಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಕಾದ ಎಣ್ಣೆಯಲ್ಲಿ ಈ ಅನಿಲವೂ ನೀರಾವಿಯೂ ಹಿಗ್ಗಿ ಹಿಟ್ಟನ್ನು ಉಬ್ಬಿಸುತ್ತವೆ. ಹೊರಮೈ ಗಟ್ಟಿಯಾಗಿ ಆ ಆಕಾರವನ್ನು ಉಳಿಸುತ್ತದೆ.

ಆದರೆ ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಸಿದರೆ ನೀರು, ಆಮ್ಲಜನಕ, ಶಾಖಗಳಿಂದ ಅದರ ಅಣುಗಳು ಒಡೆದು ಆರೋಗ್ಯಕ್ಕೆ ಹಿತವಲ್ಲದ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಇವು ನೂರಕ್ಕೆ 25 ಭಾಗ ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮ ಭಾರತದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಬಾಣಲೆಯ ಎಣ್ಣೆ ಕಪ್ಪಾಗಿ ಕಮಟು ನಾರಿದರೆ ಗೋಳಿಬಜೆಯನ್ನು ಬಿಟ್ಟು ನೀರುದೋಸೆಯನ್ನು ಕೇಳುವುದೇ ಜಾಣತನ.