ಬ್ರಿಟನ್ನಿಗೆ ಹೊರಡುವ ಮುನ್ನ ಹಲ್ಲಿನ ಕಡೆ ಗಮನವಿರಲಿ

ಬ್ರಿಟನ್ನಿಗೆ ಹೊರಟು ನಿಂತ ಬಂಧುಮಿತ್ರರು ಕೇಳುವ ಪ್ರಶ್ನೆಗಳೆಲ್ಲ ಬಾಡಿಗೆ, ಚಳಿ, ಸಾರಿನ ಪುಡಿಗಳ ಸುತ್ತಲೇ ಇರುತ್ತವೆ. ಹಲ್ಲಿನ ವಿಚಾರವನ್ನು ಯಾರೂ ಎತ್ತುವುದಿಲ್ಲ. ಸಾಮಾನ್ಯ ಉದ್ಯೋಗ ವೀಸಾದೊಂದಿಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ ಮೇಲೆ ಚಿಕಿತ್ಸೆಯೆಲ್ಲ ಉಚಿತವೆಂಬ ನಂಬಿಕೆ. ಆದರೆ 1948ರಲ್ಲಿ ಆರಂಭವಾದ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಎನ್‌ಎಚ್‌ಎಸ್, 1951ರಲ್ಲೇ ಕೃತಕ ದಂತಪಂಕ್ತಿಗೆ ಶುಲ್ಕ ವಿಧಿಸಿತು. ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್‌ನಲ್ಲಿ ನಿಗದಿಯಾದ ದರದಂತೆ ತಪಾಸಣೆಗೆ 27.40, ಹುಳುಕು ತುಂಬಿಸಲು ಅಥವಾ ರೂಟ್ ಕೆನಾಲ್‌ಗೆ 75.30, ಕ್ರೌನ್‌ಗೆ 326.70 ಪೌಂಡ್. ಹಣವಿದ್ದರೂ ವೈದ್ಯರು ಸಿಗಬೇಕಲ್ಲ! 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯ ದಂತ ಚಿಕಿತ್ಸಾಲಯವೊಂದು ಹೊಸ ಎನ್‌ಎಚ್‌ಎಸ್ ರೋಗಿಗಳನ್ನು ಸೇರಿಸಿಕೊಳ್ಳುತ್ತದೆಂದು ತಿಳಿದು ನೂರಾರು ಮಂದಿ ಬೀದಿಯುದ್ದಕ್ಕೂ ಸಾಲುಗಟ್ಟಿದರು, ಪೊಲೀಸರೇ ಬರಬೇಕಾಯಿತು.

ಹೀಗಾಗಿ ಹಲ್ಲಿನ ಆರೈಕೆಯ ಬಹುಪಾಲು ನಮ್ಮ ಬಚ್ಚಲುಮನೆಯಲ್ಲೇ ನಡೆಯಬೇಕು.

ನಾನು ದಂತವೈದ್ಯನಲ್ಲ, ಮಧುಮೇಹಿಗಳನ್ನು ನೋಡುವ ಫಿಜಿಷಿಯನ್. ಆದರೂ ರೋಗಿಯ ಬಾಯಿ ತೆರೆಸಿ ನೋಡುತ್ತೇನೆ. ಒಸಡಿನಲ್ಲಿ ಉರಿಯೂತವಿದ್ದರೆ ರಕ್ತದ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಸಕ್ಕರೆ ಏರಿದರೆ ಒಸಡು ಮತ್ತಷ್ಟು ಕೆಡುತ್ತದೆ. ಒಸಡಿನ ಚಿಕಿತ್ಸೆಯಾದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಪ್ರಮಾಣ ಸರಾಸರಿ ಸುಮಾರು 0.4ರಷ್ಟು ಇಳಿಯುವುದನ್ನು ಅಧ್ಯಯನಗಳು ತೋರಿಸಿವೆ.

ಬೆಳಿಗ್ಗೆ ಹಲ್ಲುಜ್ಜದವನಿಗೆ ಕಾಫಿ ಕೊಡದ ಸಂಸ್ಕಾರ ನಮ್ಮದು. ರಾತ್ರಿ ಉಂಡು ಮಲಗುವವನನ್ನು ಮಾತ್ರ ಕೇಳುವವರಿಲ್ಲ. ನಿದ್ರೆಯಲ್ಲಿ ಜೊಲ್ಲು ಸುರಿಯುವುದು ಕಡಿಮೆಯಾಗಿ, ಹಲ್ಲಿಗಂಟಿದ ಆಮ್ಲ ತೊಳೆದುಹೋಗುವುದಿಲ್ಲ. ಆದ್ದರಿಂದ ಬಿಡಬಾರದ್ದು ರಾತ್ರಿಯ ಉಜ್ಜುವಿಕೆ: ಮೆದು ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಎರಡು ನಿಮಿಷ, ಪಾತ್ರೆ ತಿಕ್ಕುವ ರಭಸವಿಲ್ಲದೆ.

ಆಮೇಲೆ ಉಗಿಯಬೇಕು, ಮುಕ್ಕಳಿಸಬಾರದು. ನಮ್ಮವರಿಗೆ ಒಗ್ಗದ ಮಾತು ಇದೇ. ನೊರೆ ಉಳಿದರೆ ಎಂಜಲು ಬಾಯಿ ಎನಿಸಿ ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸುತ್ತೇವೆ. ಅದರೊಡನೆ ಫ್ಲೋರೈಡೂ ಮೋರಿ ಸೇರುತ್ತದೆ. ಕೋಲಾರ, ಪಾವಗಡದ ಕಡೆಯವರು ಫ್ಲೋರೈಡ್ ಎಂದರೆ ಅಂಜುವುದು ಸಹಜ. ಕೊಳವೆಬಾವಿಯ ನೀರು ಕುಡಿದು ಹಲ್ಲಿಗೆ ಕಂದು ಕಲೆ ಬಿದ್ದವರನ್ನು ಅವರು ಕಂಡವರು. ವರ್ಷಗಟ್ಟಲೆ ಕುಡಿದು ಮೈಸೇರುವ ಫ್ಲೋರೈಡ್ ಬೇರೆ, ಉಗಿದ ಮೇಲೆ ಹಲ್ಲಿನ ಮೇಲುಳಿಯುವ ತೆಳು ಲೇಪ ಬೇರೆ. ವಯಸ್ಕರ ಪೇಸ್ಟ್ ಕೊಳ್ಳುವಾಗ ಕೊಳವೆಯ ಮೇಲೆ 1,350ರಿಂದ 1,500 ಪಿಪಿಎಂ ಎಂದಿದೆಯೇ ನೋಡಿ.

ಬ್ರಷ್ಷು ಹಲ್ಲಿನ ಸಂದಿಗೆ ಇಳಿಯದು. ಅಲ್ಲಿಗೆ ಫ್ಲಾಸ್ ಎಂಬ ದಾರ ಬೇಕು. ಸಂದಿ ಅಗಲವಿದ್ದವರಿಗೆ ಪುಟ್ಟ ಸಂದಿ-ಬ್ರಷ್ಷೇ ಮೇಲು. ದಾರವನ್ನು ಗರಗಸದಂತೆ ಎಳೆದಾಡದೆ, ಹಲ್ಲಿನ ಮೈಗೆ ಬಳಸಿ ಒಸಡಿನಂಚಿನ ಕೆಳಗಿನಿಂದ ಮೇಲಕ್ಕೆ ಸವರಬೇಕು. ಮೊದಲ ದಿನಗಳಲ್ಲಿ ರಕ್ತ ಕಂಡು ಅನೇಕರು ದಾರ ಎಸೆದುಬಿಡುತ್ತಾರೆ. ಆ ರಕ್ತ ಒಸಡು ಊದಿರುವುದರ ಗುರುತು. ನಿತ್ಯವೂ ಮುಂದುವರಿಸಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಲೇಬೇಕು.

ಮಕ್ಕಳನ್ನು ನೋಡಲು ಬರುವ ಹಿರಿಯರ ಪ್ರವಾಸ ವಿಮೆ ಹಳೆಯ ಹುಳುಕಿಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಊರಿನಲ್ಲೇ ತಪಾಸಣೆ ಮುಗಿಸಿ ಬನ್ನಿ, ಅದೂ ಎರಡು ಮೂರು ತಿಂಗಳು ಮೊದಲೇ. ರೂಟ್ ಕೆನಾಲ್ ಮಾಡಿಸಿ ಕ್ರೌನ್ ಕೂರಿಸುವ ಕೆಲಸ ಸೂಟ್‌ಕೇಸ್ ಕಟ್ಟುವ ವಾರದಲ್ಲಿ ಮುಗಿಯುವಂಥದ್ದಲ್ಲ.